ಶಿಖರ ಇರಲಿ, ಎರಡು ಕಿಲೋಮೀಟರ್ ದಾರಿ ಕೊಡಿ

ಕುದುರೆಮುಖಕ್ಕೆ ಹೋಗಿದ್ದೆ ಅಂದರೆ ಸಾಕು, ಎದುರಿನವರ ಮುಂದಿನ ಪ್ರಶ್ನೆ ಯಾವತ್ತೂ ಒಂದೇ: ‘ಪೀಕ್ ಹತ್ತಿದ್ರಾ?’ ಇಲ್ಲ ಅಂದರೆ ಅವರ ಮುಖದಲ್ಲಿ ಸಣ್ಣ ಅನುಕಂಪ ಮೂಡುತ್ತದೆ. ಮದುವೆಗೆ ಹೋಗಿ ಊಟ ಮಾಡದೆ ಎದ್ದು ಬಂದವರನ್ನು ನೋಡುವ ಹಾಗೆ ನೋಡುತ್ತಾರೆ. ನಾನು ಆ ಕಾಡಿನ ದಾರಿಯಲ್ಲಿ ಹತ್ತಾರು ಸಲ ಓಡಾಡಿದ್ದೇನೆ, ಒಮ್ಮೆ ಶಿಖರವನ್ನೂ ಹತ್ತಿದ್ದೇನೆ. ಹತ್ತಿ ಇಳಿದವನಾದ್ದರಿಂದಲೇ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಬೆಟ್ಟ ಅಂದರೆ ತುದಿ ಎಂಬ ನಮ್ಮ ನಂಬಿಕೆ ಬೆಟ್ಟಕ್ಕೂ ಒಳ್ಳೆಯದಲ್ಲ, ನಮಗೂ ಒಳ್ಳೆಯದಲ್ಲ. ನಮ್ಮ ಬೆಟ್ಟದ ಉದ್ಯಾನಗಳಿಗೆ ಈಗ ತುರ್ತಾಗಿ ಬೇಕಾಗಿರುವುದು ಒಂದೆರಡು ಕಿಲೋಮೀಟರಿನ, ಸುಲಭದ, ಯಾರು ಬೇಕಾದರೂ ನಡೆಯಬಹುದಾದ ದಾರಿಗಳು.

ಇದು ನನ್ನ ತಲೆಗೆ ಹೊಕ್ಕಿದ್ದು ಅಮ್ಮನಿಂದ. ಅವಳು ಹುಟ್ಟಿ ಬೆಳೆದದ್ದು ಕಾರ್ಕಳದ ಕಡೆ. ಮಳೆ ಬಿಟ್ಟ ಬೆಳಗ್ಗೆ ಮೂಡಣಕ್ಕೆ ತಿರುಗಿದರೆ ನೀಲಿ ಗೋಡೆಯಂತೆ ಕಾಣುವ ಆ ಸಾಲನ್ನು ನೋಡುತ್ತಲೇ ದೊಡ್ಡವಳಾದವಳು. ಅರುವತ್ತೈದು ದಾಟಿ, ಮಂಡಿ ಸವೆದ ಮೇಲೆ ಒಂದು ದಿನ ಕೇಳಿದಳು: ‘ಆ ಗುಡ್ಡೆಯ ಒಳಗೆ ಎಂತ ಉಂಟು ಮಗಾ, ಒಮ್ಮೆ ಕರ್ಕೊಂಡು ಹೋಗ್ತೀಯಾ?’ ಬಜಗೋಳಿ, ಮಾಳ ದಾಟಿ ಘಾಟಿ ಹತ್ತಿ ಹೋದೆವು. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲುಗಳಿವೆ. ಇಳಿಯುವುದು ಹೇಗೋ ಆದೀತು, ಏರುವುದು ಅವಳ ಮಂಡಿಗೆ ಸಾಧ್ಯವಿರಲಿಲ್ಲ. ಕೊನೆಗೆ ರಸ್ತೆಯ ಪಕ್ಕದಲ್ಲೇ ಸುರಿಯುವ ಕಡಾಂಬಿ ಜಲಪಾತದ ಎದುರು ನಿಲ್ಲಿಸಿದೆ. ಅವಳು ಕಾರಿನಿಂದಿಳಿದು ರಸ್ತೆಯ ಅಂಚಿನಲ್ಲಿ ನಿಂತಳು. ಹಿಂದಿನಿಂದ ಬಂದ ಜೀಪೊಂದರ ಹುಡುಗರು ಪಟಪಟನೆ ಫೋಟೊ ತೆಗೆದು, ‘ಆಂಟಿ, ಮೇಲಕ್ಕೆ ಹೋಗಿ, ಇಲ್ಲೇನಿದೆ’ ಎಂದು ಪ್ರೀತಿಯಿಂದಲೇ ಹೇಳಿ ಹೊರಟರು. ಅಮ್ಮ ನಕ್ಕು, ಮರಗಳ ನಡುವೆ ಕತ್ತಲಾಗಿ ಕಾಣುತ್ತಿದ್ದ ಜಾಗವನ್ನು ತೋರಿಸಿ ಕೇಳಿದಳು: ‘ಅಲ್ಲಿ ಸ್ವಲ್ಪ ನಡೆಯಲಿಕ್ಕೆ ದಾರಿ ಇಲ್ವಾ?’

ಇರಲಿಲ್ಲ. ಸುಮಾರು 600 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ ಒಬ್ಬ ಮುದುಕಿಗೆ ಕೊಟ್ಟದ್ದು ಡಾಂಬರಿನ ಅಂಚಿನ ಎರಡಡಿ ಜಾಗ.

ಇದು ಅವಳೊಬ್ಬಳ ಕತೆಯಲ್ಲ. ಕುದುರೆಮುಖಕ್ಕೆ ಬರುವವರಿಗೆ ಹೆಚ್ಚುಕಡಿಮೆ ಎರಡೇ ಆಯ್ಕೆ. ಒಂದು, ಕಾರಿನ ಗಾಜಿನೊಳಗಿಂದ ಕಾಡು ನೋಡಿ ದಾಟುವುದು. ಇನ್ನೊಂದು, ಮುಳ್ಳೋಡಿಯಿಂದ ಹೊರಟು 1,894 ಮೀಟರಿನ ಶಿಖರ ಏರಿ ಸಂಜೆಯೊಳಗೆ ಇಳಿಯುವುದು. ಹೋಗಿಬರಲು ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಅದಕ್ಕೆ ಮುಂಗಡ ಬುಕಿಂಗ್, ಹಿಂದಿನ ರಾತ್ರಿಯ ಹೋಮ್‌ಸ್ಟೇ, ಕೆಟ್ಟ ದಾರಿಗೆ ಜೀಪು, ಜೊತೆಗೆ ಗೈಡ್. ಅಂದರೆ ಗಟ್ಟಿ ಕಾಲು ಬೇಕು, ರಜೆ ಬೇಕು, ಜೇಬಿನಲ್ಲಿ ದುಡ್ಡೂ ಬೇಕು. ಕುರಿಂಜಾಲು, ಗಂಗಡಿಕಲ್ಲುಗಳು ಇದಕ್ಕಿಂತ ಚಿಕ್ಕವು ನಿಜ. ಆದರೆ ಅವೂ ಶಿಖರಗಳೇ, ಅಲ್ಲಿಯೂ ದಾರಿ ಮುಗಿಯುವುದು ತುದಿಯಲ್ಲೇ. ಆರು ವರ್ಷದ ಮಗು, ಬಸುರಿ ಹೆಂಗಸು, ಊರುಗೋಲಿನ ಮೇಷ್ಟರು, ಗಾಲಿಕುರ್ಚಿಯ ವಿದ್ಯಾರ್ಥಿನಿ, ಇವರೆಲ್ಲ ಎಲ್ಲಿ ನಡೆಯಬೇಕು? ಕಾಡು ನಾಡಿನ ಆಸ್ತಿ ಎಂದು ಫಲಕ ಹಾಕುತ್ತೇವೆ. ಆ ಆಸ್ತಿಯನ್ನು ಕಣ್ತುಂಬ ನೋಡಲು ತೊಡೆಯ ಬಲ ಯಾಕೆ ಅರ್ಹತೆಯಾಗಬೇಕು?

ತುದಿಯಿಂದ ಕಾಣುವುದೇನು ಎಂಬುದನ್ನೂ ಕೇಳಿಕೊಳ್ಳೋಣ. ಮೋಡ ಇಲ್ಲದಿದ್ದರೆ ಬಹಳ ದೂರ ಕಾಣುತ್ತದೆ. ಅದು ದೊಡ್ಡ ನೋಟವೇ, ಅಲ್ಲಗಳೆಯುವುದಿಲ್ಲ. ಆದರೆ ಈ ಬೆಟ್ಟಗಳ ಜೀವ ಇರುವುದು ತುದಿಯಲ್ಲಲ್ಲ, ಮಡಿಕೆಗಳಲ್ಲಿ. ಗಾಳಿಗೆ ಒಡ್ಡಿಕೊಂಡ ಬೋಳು ಬೆನ್ನಿನ ಮೇಲೆ ಹುಲ್ಲು, ಎರಡು ಬೆನ್ನುಗಳ ನಡುವಿನ ಸಂದಿನಲ್ಲಿ ಒತ್ತೊತ್ತಾಗಿ ಶೋಲಾ ಕಾಡು. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುವ ಈ ಜಾಗದಲ್ಲಿ ಹುಲ್ಲಿನ ಬೇರು, ಎಲೆಗೊಬ್ಬರ, ಪಾಚಿ ಎಲ್ಲ ಸೇರಿ ನೀರನ್ನು ಸ್ಪಂಜಿನಂತೆ ಹೀರಿಕೊಳ್ಳುತ್ತವೆ. ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ಹನಿಹನಿಯಾಗಿ ಬಿಡುತ್ತವೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವುದು ಈ ಉದ್ಯಾನದೊಳಗಿನ ಗಂಗಾಮೂಲದ ಸೀಮೆಯಲ್ಲಿ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಹೇಗೆ ಹುಟ್ಟುತ್ತವೆ ಎಂದು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಜನ?

ಅದನ್ನು ಕಾಣಲು ಶಿಖರ ಬೇಕಿಲ್ಲ. ಹುಲ್ಲುಗಾವಲು ಮುಗಿದು ಶೋಲಾ ಶುರುವಾಗುವ ಅಂಚಿಗೆ ಹೋದರೆ ಸಾಕು. ಹತ್ತು ಹೆಜ್ಜೆಯಲ್ಲಿ ಬಿಸಿಲು ಹೋಗಿ ತಂಪಾಗುತ್ತದೆ, ಗಾಳಿಯ ಸದ್ದು ನಿಂತು ನೀರಿನ ಸದ್ದು ಕೇಳುತ್ತದೆ. ಕಾಲಡಿಯ ನೆಲ ಮೆತ್ತಗಾಗುತ್ತದೆ, ಇಂಬಳ ಚಪ್ಪಲಿ ಹತ್ತುತ್ತದೆ. ಮಕ್ಕಳಿಗೆ ಒಂದು ವರ್ಷದ ಪರಿಸರ ಪಾಠ ಕಲಿಸದ್ದನ್ನು ಆ ಹತ್ತು ಹೆಜ್ಜೆ ಕಲಿಸುತ್ತದೆ. ಶಿಖರಕ್ಕೆ ಹೊರಟವರು ಇದನ್ನೆಲ್ಲ ದಾಟಿಯೇ ಹೋಗುತ್ತಾರೆ. ಆದರೆ ಅವರ ಕಣ್ಣು ಗಡಿಯಾರದ ಮೇಲೆ. ಕತ್ತಲಾಗುವುದರೊಳಗೆ ಇಳಿಯಬೇಕಲ್ಲ. ನಾನೂ ಹಾಗೇ ಹೋಗಿದ್ದೆ. ಆ ದಿನದ್ದು ನನಗೆ ಚೆನ್ನಾಗಿ ನೆನಪಿರುವುದು ನನ್ನ ಮುಂದಿದ್ದವನ ಬೂಟಿನ ಹಿಮ್ಮಡಿ.

ಇನ್ನು ಬೆಟ್ಟದ ಕಡೆಯಿಂದ ನೋಡೋಣ. 2024ರ ಜನವರಿ ಕೊನೆಯ ರಜೆಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿ ನಿಂತ ವಿಡಿಯೊ ಎಲ್ಲರೂ ನೋಡಿದ್ದೇವೆ. ಆಮೇಲೆ ಸರ್ಕಾರ ಚಾರಣಗಳಿಗೆ ತಡೆ ಹಾಕಿ, ಆನ್‌ಲೈನ್ ಬುಕಿಂಗ್ ಮತ್ತು ದಿನದ ಮಿತಿ ತಂದಿತು. ಮಿತಿ ಬೇಕಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಮಿತಿ ಬಾಗಿಲನ್ನು ಕಿರಿದು ಮಾಡುತ್ತದೆಯೇ ಹೊರತು ಎಲ್ಲರೂ ಒಂದೇ ಬಾಗಿಲಿಗೆ ಯಾಕೆ ಮುಗಿಬಿದ್ದರು ಎಂದು ಕೇಳುವುದಿಲ್ಲ. ಹುಲ್ಲಿನ ಇಳಿಜಾರಿನಲ್ಲಿ ಒಂದೇ ಗೆರೆಯ ಮೇಲೆ ಸಾವಿರಾರು ಕಾಲು ಬಿದ್ದರೆ ಮೊದಲು ಹುಲ್ಲು ಹೋಗುತ್ತದೆ. ನಂತರದ ಮಳೆಗೆ ಅದು ಕೊರಕಲಾಗುತ್ತದೆ. ಕೊರಕಲು ಜಾರುತ್ತದೆಂದು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ, ಅಲ್ಲಿ ಇನ್ನೊಂದು ಕೊರಕಲು. ಕಡಿದಾದ ಜಾಗದ ಮಣ್ಣು ಒಮ್ಮೆ ಹೋದರೆ ನಮ್ಮ ಆಯುಷ್ಯದಲ್ಲಿ ಮರಳುವುದಿಲ್ಲ. ಸಮತಟ್ಟಾದ ಕಡೆ ಕಲ್ಲು ಹಾಸಿದ ಚಿಕ್ಕ ದಾರಿ ಇದರ ಹತ್ತು ಪಟ್ಟು ಜನರನ್ನು ಕಡಿಮೆ ಗಾಯದಲ್ಲಿ ತಾಳಿಕೊಳ್ಳಬಲ್ಲದು.

ಪಕ್ಕದ ಕೇರಳ ಇದನ್ನು ಮಾಡಿ ತೋರಿಸಿದೆ. ಮುನ್ನಾರ್ ಬಳಿಯ ಎರವಿಕುಳಂ ರಾಷ್ಟ್ರೀಯ ಉದ್ಯಾನದಲ್ಲಿ 2,695 ಮೀಟರಿನ ಆನಮುಡಿ ಇದೆ, ದಕ್ಷಿಣ ಭಾರತದ ಅತಿ ಎತ್ತರದ ಶಿಖರ. ಅಲ್ಲಿಗೆ ಹೋಗುವ ಪ್ರವಾಸಿಗರ ಪೈಕಿ ಬಹುಪಾಲು ಯಾರೂ ಅದನ್ನು ಹತ್ತುವುದಿಲ್ಲ. ಉದ್ಯಾನದ ವಾಹನದಲ್ಲಿ ರಾಜಮಲೆಗೆ ಹೋಗಿ, ಹಾಸಿದ ದಾರಿಯಲ್ಲಿ ಸ್ವಲ್ಪ ದೂರ ನಡೆದು ಬರುತ್ತಾರೆ. ವರಯಾಡುಗಳು, ಅಂದರೆ ನೀಲಗಿರಿ ತಾರ್‌ಗಳು, ಆ ದಾರಿಯ ಬದಿಯಲ್ಲೇ ಮೇಯುತ್ತಿರುತ್ತವೆ. ಅವು ಮರಿ ಹಾಕುವ ಕಾಲದಲ್ಲಿ ಪ್ರತಿವರ್ಷ ಆ ದಾರಿಯನ್ನೂ ಮುಚ್ಚುತ್ತಾರೆ. ಅಜ್ಜಿಯರು, ಶಾಲೆಯ ಮಕ್ಕಳು ಅಲ್ಲಿ ನಡೆಯುವುದನ್ನು ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಅಮೆರಿಕದ ಯೊಸೆಮಿಟಿಯಲ್ಲೂ ಇದೇ ವಿವೇಕ. ಹಾಫ್ ಡೋಮ್ ಬಂಡೆಯ ತುದಿಗೆ ದಿನಕ್ಕೆ ಸುಮಾರು 300 ಜನಕ್ಕೆ ಮಾತ್ರ ಪರವಾನಗಿ. ಆದರೆ ಕಣಿವೆಯಲ್ಲಿ ಜಲಪಾತದ ಬುಡಕ್ಕೆ ಒಂದೂವರೆ ಕಿಲೋಮೀಟರಿಗೂ ಸ್ವಲ್ಪ ಹೆಚ್ಚಿನ ಸುತ್ತುದಾರಿಯಿದೆ, ಅದರ ಒಂದು ಭಾಗದಲ್ಲಿ ಗಾಲಿಕುರ್ಚಿಯೂ ಹೋಗುತ್ತದೆ. ತುದಿಗೆ ಮಿತಿ, ಬುಡಕ್ಕೆ ಸ್ವಾಗತ. ನಾವು ಮೊದಲರ್ಧವನ್ನು ಮಾತ್ರ ತಂದೆವು.

ಇದಕ್ಕೆ ಬರುವ ಆಕ್ಷೇಪಗಳು ನನಗೆ ಗೊತ್ತು. ಮೊದಲನೆಯದು: ಸುಲಭ ಮಾಡಿದರೆ ಜನ ನುಗ್ಗುತ್ತಾರೆ, ಕಸ ಸುರಿಯುತ್ತಾರೆ, ಕಾಡನ್ನು ಅದರ ಪಾಡಿಗೆ ಬಿಡಬೇಕು. ಈ ಮಾತನ್ನು ನಾನು ಗೌರವಿಸುತ್ತೇನೆ. ಸಿಂಗಳೀಕಗಳ ನೆಲೆಯಲ್ಲಿ ಹೊಸ ದಾರಿ ಕಡಿಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಕುದುರೆಮುಖ ಮುಟ್ಟದ ಕಾಡೇನಲ್ಲ. ಅಲ್ಲಿ ಕಬ್ಬಿಣದ ಅದಿರಿಗಾಗಿ ದಶಕಗಳ ಕಾಲ ಬೆಟ್ಟ ಅಗೆದೆವು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಪಟ್ಟಣ ಖಾಲಿಯಾಯಿತು, ರಸ್ತೆಗಳು ಉಳಿದವು. ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಕೆಸರು ಇವತ್ತಿಗೂ ತುಂಬಿಕೊಂಡಿದೆ. ಚಿಕ್ಕ ದಾರಿಗಳಿಗೆ ಬೇಕಾದ ನೆಲ ಆಗಲೇ ಗಾಯಗೊಂಡ ಈ ನೆಲದಲ್ಲೇ ಇದೆ. ಗಾಯವನ್ನು ನೋಡುವುದೂ ಒಂದು ಪಾಠವೇ. ಆ ಗಣಿಯನ್ನು ನಿಲ್ಲಿಸಿದ್ದು ಬರಿಯ ಕಾನೂನಿನ ಬಲವಲ್ಲ, ಈ ಕಾಡನ್ನು ತಮ್ಮದೆಂದುಕೊಂಡ ಜನರ ವರ್ಷಗಟ್ಟಲೆಯ ಹೋರಾಟ. ನಾಳೆ ಇನ್ನೊಂದು ಗಣಿಯೋ ಅಣೆಕಟ್ಟೋ ಬಂದರೆ ಯಾರು ಎದ್ದು ನಿಲ್ಲುತ್ತಾರೆ? ಕಾರಿನ ಗಾಜಿನಿಂದ ಕಂಡವರೋ?

ಎರಡನೆಯ ಆಕ್ಷೇಪ ನನಗೆ ಸಿಟ್ಟು ತರಿಸುವಂಥದ್ದು: ‘ಕಷ್ಟಪಟ್ಟವರಿಗೇ ಬೆಟ್ಟ ಸಿಗಬೇಕು, ಸುಲಭವಾಗಿ ಸಿಕ್ಕಿದ್ದಕ್ಕೆ ಬೆಲೆ ಇಲ್ಲ.’ ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಸ್ ಹಿಡಿದು, ಜೀಪಿನಲ್ಲಿ ಬುಡ ತಲುಪಿ, ದುಡ್ಡು ಕೊಟ್ಟು ಕೊಂಡ ಕಷ್ಟವನ್ನು ತಪಸ್ಸು ಎನ್ನಬೇಡಿ. ನಿಜವಾದ ಕಷ್ಟ ಆ ಕಾಡಿನೊಳಗೆ ತಲೆಮಾರುಗಳಿಂದ ಬದುಕಿದ ಮಲೆಕುಡಿಯರಂಥವರದು. ಅವರಿಗೆ ಪಡಿತರಕ್ಕೂ ಆಸ್ಪತ್ರೆಗೂ ನಡಿಗೆಯೇ ದಾರಿ. ವಿಪರ್ಯಾಸ ನೋಡಿ, ಅವರ ಮನೆಗಳನ್ನು ‘ಸ್ವಯಂಪ್ರೇರಿತ ಸ್ಥಳಾಂತರ’ದ ಹೆಸರಿನಲ್ಲಿ ಹೊರಗೆ ತರುವುದು ಸಂರಕ್ಷಣೆ, ನಮ್ಮನ್ನು ಒಳಗೆ ಬಿಡುವುದು ಪರಿಸರ ಪ್ರವಾಸ. ಚಿಕ್ಕ ದಾರಿಗಳನ್ನು ಮಾಡುವುದಾದರೆ ಅದನ್ನು ಕಾಯುವ, ತೋರಿಸುವ, ಮರದ ಹೆಸರು ಹೇಳುವ ಕೆಲಸ ಮೊದಲು ಅವರಿಗೆ ಸಿಗಬೇಕು.

ಕೊನೆಯ ದೂರು ನಮ್ಮ ಮೇಲೆಯೇ, ಬರೆಯುವವರ ಮೇಲೆ. ಕನ್ನಡದಲ್ಲಿ ಬರುವ ಚಾರಣ ಲೇಖನಗಳನ್ನು ಓದಿ ನೋಡಿ. ಬೆಳಗಿನ ಉಪ್ಪಿಟ್ಟು, ಮೊದಲ ಏರು, ಜಾರಿ ಬಿದ್ದ ಗೆಳೆಯ, ‘ಕೊನೆಗೂ ತುದಿ ತಲುಪಿದಾಗ’ ಎಂಬ ವಾಕ್ಯ, ಆಮೇಲೆ ಧನ್ಯತೆ. ನಾನೂ ಅಂಥದ್ದೊಂದನ್ನು ಬರೆದಿದ್ದೆ. ರೀಲ್ಸ್ ಮಾಡುವ ಹುಡುಗರನ್ನು ಬೈಯುವ ಮೊದಲು, ತುದಿಯ ರುಚಿ ಹತ್ತಿಸಿದವರಲ್ಲಿ ನಾವೂ ಇದ್ದೇವೆ ಎಂದು ಒಪ್ಪಿಕೊಳ್ಳಬೇಕು. ಶಿವರಾಮ ಕಾರಂತರ ‘ಬೆಟ್ಟದ ಜೀವ’ ನಡೆಯುವುದು ಕುಮಾರಪರ್ವತದ ಮಗ್ಗುಲಲ್ಲೇ. ಆದರೆ ಗೋಪಾಲಯ್ಯನವರನ್ನು ಯಾರಾದರೂ ನೆನಪಿಟ್ಟುಕೊಂಡದ್ದು ಅವರು ಯಾವ ಶಿಖರ ಏರಿದರೆಂದೇ? ಬೆಟ್ಟದ ಜೊತೆ ಬಾಳುವುದು ಬೇರೆ, ಅದರ ನೆತ್ತಿಯ ಮೇಲೆ ನಿಲ್ಲುವುದು ಬೇರೆ ಎಂಬುದು ನಮ್ಮ ಸಾಹಿತ್ಯಕ್ಕೆ ಎಂದೋ ಗೊತ್ತಿತ್ತು.

ನಾನು ಕೇಳುತ್ತಿರುವುದು ದೊಡ್ಡದಲ್ಲ. ಇಂಥ ಪ್ರತಿ ಉದ್ಯಾನದಲ್ಲಿ ಮೂರು ದಾರಿ, ಒಂದೊಂದೂ ಎರಡು ಕಿಲೋಮೀಟರಿನೊಳಗೆ. ಒಂದು ಹಳ್ಳದ ಬದಿಯಲ್ಲಿ, ಒಂದು ಶೋಲಾದ ಅಂಚಿನಲ್ಲಿ, ಒಂದು ಹಳೆಯ ಗಣಿಯ ನೆಲದಲ್ಲಿ. ಕಾಂಕ್ರೀಟು ಬೇಡ, ಊರಿನ ಕಲ್ಲು ಸಾಕು. ಅಲ್ಲಲ್ಲಿ ಕೂರಲು ಕಟ್ಟೆ. ಒಂದಾದರೂ ಗಾಲಿಕುರ್ಚಿಗೆ ಒಗ್ಗುವಂತಿರಲಿ. ಇಲ್ಲಿಯೂ ದಿನದ ಮಿತಿ ಇರಲಿ, ಸ್ಪೀಕರಿಗೂ ಪ್ಲಾಸ್ಟಿಕ್ಕಿಗೂ ಪ್ರವೇಶ ಬೇಡ, ಪ್ರಾಣಿಗಳ ಮರಿಗಾಲದಲ್ಲಿ ಬಾಗಿಲು ಮುಚ್ಚಲಿ. ಹಿರಿಯರಿಗೆ, ಸರ್ಕಾರಿ ಶಾಲೆಯ ಮಕ್ಕಳಿಗೆ ಮೊದಲ ಅವಕಾಶ ಸಿಗಲಿ. ಶಿಖರ ಇದ್ದಲ್ಲೇ ಇರುತ್ತದೆ, ಬೇಕಾದವರು ಸರದಿಯಲ್ಲಿ ಹತ್ತಲಿ.

ಆ ದಿನ ಕಡಾಂಬಿಯ ಎದುರು ಅಮ್ಮ ಇಪ್ಪತ್ತು ನಿಮಿಷ ನಿಂತಿದ್ದಳು. ನಡುನಡುವೆ ಹಾರ್ನ್ ಕೇಳಿ ಪಕ್ಕಕ್ಕೆ ಸರಿದಳು. ಕಾರಿಗೆ ಹತ್ತುವಾಗ ಸೆರಗಿನಿಂದ ಮುಖದ ಮೇಲಿನ ನೀರಿನ ತುಂತುರು ಒರೆಸಿಕೊಂಡು, ‘ಸಾಕು ಮಗಾ, ಇಷ್ಟಾದರೂ ನೋಡಿದೆನಲ್ಲ’ ಅಂದಳು. ಅವಳ ತಲೆಮಾರಿನ ಹೆಂಗಸರು ಹೆಚ್ಚಿನದಕ್ಕೆಲ್ಲ ಹಾಗೇ ಅನ್ನುತ್ತಾರೆ. ಅವರು ಸಾಕು ಅಂದರೆಂದು ನಾವು ಸುಮ್ಮನಿರಬಾರದು.