ನೀಟ್ ಒಂದೇ ಸ್ಪರ್ಧೆಯೇ? ಆರೋಗ್ಯ ಕ್ಷೇತ್ರದತ್ತ ಹೊರಟ ಮಕ್ಕಳಿಗೆ ಸಂಘಗಳು ಏನು ಮಾಡಬಹುದು

ಥಾಣೆ: ಎಸ್‌ಎಸ್‌ಸಿ, ಎಚ್‌ಎಸ್‌ಸಿ ಫಲಿತಾಂಶ ಬಂದ ಬಳಿಕ ಕನ್ನಡ ಸಂಘಗಳಲ್ಲಿ ಪ್ರತಿಭಾ ಪುರಸ್ಕಾರದ ಸಿದ್ಧತೆ ಶುರುವಾಗುತ್ತದೆ. ಮಾಜಿವಾಡದಿಂದ ಮಾನ್ಪಾಡಾ, ಪಾತ್ಲಿಪಾಡಾ ದಾಟಿ ಕಾಸರವಡವಲಿಯವರೆಗೆ ಘೋಡಬಂದರ್ ರಸ್ತೆಯ ಇಕ್ಕೆಲಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಇದು ಸಂಭ್ರಮದ ಕಾಲ. ಶಾಲು ಹೊದೆಸಿಕೊಂಡ ಮಗುವನ್ನು ಮುಂದೇನು ಎಂದು ಕೇಳಿದರೆ ಹಲವರ ಉತ್ತರ ಒಂದೇ: ಡಾಕ್ಟರ್. ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಲ್ಲೂ ಇದೇ ಮಾತು. ಆಸೆ ಒಳ್ಳೆಯದೇ. ಆದರೆ ಅದರ ಹಿಂದಿರುವ ಲೆಕ್ಕವನ್ನು ಪಾಲಕರು ಒಮ್ಮೆ ಕಾಗದದ ಮೇಲೆ ಬರೆದು ನೋಡಬೇಕಾಗಿದೆ.

ಸಂಖ್ಯೆ ಹೇಳುವ ಮಾತು

2025ರ ಮೇ 4ರಂದು ನಡೆದ ನೀಟ್ ಪರೀಕ್ಷೆಗೆ ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಮಂದಿ ಹಾಜರಾದರು. ಅರ್ಹತೆ ಪಡೆದವರು 12.36 ಲಕ್ಷ. ಎಂಬಿಬಿಎಸ್ ಸೀಟುಗಳಾದರೋ ಸುಮಾರು 1.2 ಲಕ್ಷ. ಅಂದರೆ 'ಪಾಸಾದ' ಹತ್ತು ಮಂದಿಗೆ ಒಂದು ಸೀಟು. ಪರೀಕ್ಷೆ ಬರೆದವರನ್ನು ಹಿಡಿದರೆ 18 ಮಂದಿಗೆ ಒಂದು. ಅದರಲ್ಲೂ ಮಧ್ಯಮ ವರ್ಗದ ಕೈಗೆಟಕುವ ಸರಕಾರಿ ಸೀಟುಗಳು ಹೆಚ್ಚುಕಡಿಮೆ ಅರ್ಧದಷ್ಟೇ. ಥಾಣೆ ಜಿಲ್ಲೆಯಲ್ಲಿ ಕಲ್ವಾದ ಮಹಾನಗರ ಪಾಲಿಕೆಯ ರಾಜೀವ್ ಗಾಂಧಿ ವೈದ್ಯಕೀಯ ಕಾಲೇಜಿನ ಜೊತೆಗೆ 2024ರಲ್ಲಿ ಅಂಬರನಾಥದಲ್ಲಿ 100 ಸೀಟುಗಳ ಸರಕಾರಿ ಕಾಲೇಜು ಆರಂಭವಾಗಿರುವುದು ಸಮಾಧಾನದ ಸಂಗತಿ. ಆದರೂ ಬೇಡಿಕೆಯ ಮುಂದೆ ಇದು ಸಾಲದು.

ಈ ಸ್ಪರ್ಧೆಯ ಮೇಲಿನ ನಂಬಿಕೆಗೂ 2024ರಲ್ಲಿ ಪೆಟ್ಟು ಬಿತ್ತು. ಆ ವರ್ಷ ಮೊದಲು 67 ಮಂದಿಗೆ 720ಕ್ಕೆ 720 ಅಂಕ ಬಂತು. 1,563 ಮಂದಿಗೆ ನೀಡಿದ್ದ ಕೃಪಾಂಕ ರದ್ದಾಯಿತು, ಪ್ರಶ್ನೆಪತ್ರಿಕೆ ಸೋರಿಕೆಯ ತನಿಖೆ ಸಿಬಿಐಗೆ ಹೋಯಿತು. ಇಡೀ ಪರೀಕ್ಷೆ ಮತ್ತೆ ನಡೆಸಬೇಕಿಲ್ಲವೆಂದು ಜುಲೈ 23ರಂದು ಸುಪ್ರೀಂ ಕೋರ್ಟ್ ಹೇಳಿದ ನಂತರ ಹೊರಬಿದ್ದ ಪರಿಷ್ಕೃತ ಪಟ್ಟಿಯಲ್ಲಿ ಪೂರ್ಣಾಂಕದವರು 17ಕ್ಕೆ ಇಳಿದರು. ಎರಡು ವರ್ಷ ಹಬ್ಬ ಹರಿದಿನ ಬಿಟ್ಟು ಓದಿದ ಮಕ್ಕಳ ಮನಸ್ಸಿಗೆ ಆದ ಗಾಯಕ್ಕೆ ಪರಿಷ್ಕೃತ ಪಟ್ಟಿ ಎಲ್ಲಿಂದ ಬರಬೇಕು?

ಊರಿಗೆ ಕಳುಹಿಸುವ ಮುನ್ನ

ಹೊರನಾಡ ಕನ್ನಡಿಗರಿಗೇ ವಿಶೇಷವಾದ ಇನ್ನೊಂದು ತೊಡಕಿದೆ. ಹತ್ತನೆಯ ತರಗತಿ ಇಲ್ಲಿ ಮುಗಿಸಿ, ಪಿಯುಸಿ ಮತ್ತು ನೀಟ್ ತರಬೇತಿ ಒಟ್ಟಿಗೆ ಸಿಗುತ್ತದೆಂದು ಮಕ್ಕಳನ್ನು ಮಂಗಳೂರು, ಉಡುಪಿ, ಮೂಡುಬಿದಿರೆ ಕಡೆಯ ಹಾಸ್ಟೆಲುಗಳಿಗೆ ಕಳುಹಿಸುವವರಿದ್ದಾರೆ. ಮಹಾರಾಷ್ಟ್ರದ ಶೇ. 85 ರಾಜ್ಯ ಕೋಟಾಕ್ಕೆ ಇಲ್ಲಿನ ಡೊಮಿಸೈಲ್ ಮಾತ್ರ ಸಾಲದು; ಕೆಲವು ವಿನಾಯಿತಿಗಳನ್ನು ಬಿಟ್ಟರೆ ಹತ್ತು ಮತ್ತು ಹನ್ನೆರಡನೆಯ ತರಗತಿಯನ್ನೂ ಮಹಾರಾಷ್ಟ್ರದಲ್ಲೇ ಪಾಸಾಗಿರಬೇಕು. ಕರ್ನಾಟಕದ ಕೋಟಾಕ್ಕೆ ಸಾಮಾನ್ಯವಾಗಿ ಮಗು ಅಲ್ಲಿ ಏಳು ವರ್ಷ ಓದಿರಬೇಕು. ಅಥವಾ ಪಿಯುಸಿಯ ಎರಡೂ ವರ್ಷ ಅಲ್ಲಿ ಓದಿದ್ದು, ತಂದೆ ತಾಯಿಯರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ವ್ಯಾಸಂಗ ಮಾಡಿದ್ದಕ್ಕೆ ಪ್ರಮಾಣಪತ್ರ ಇರಬೇಕು.

ಊರಲ್ಲಿ ಓದಿ ಮುಂಬಯಿಗೆ ಬಂದ ತಂದೆಯ ಮಗಳಿಗೆ ಈ ಎರಡನೆಯ ದಾರಿ ತೆರೆದಿದೆ. ತಂದೆ ತಾಯಿ ಇಬ್ಬರೂ ಇಲ್ಲೇ ಹುಟ್ಟಿ ಇಲ್ಲೇ ಕಲಿತವರಾದರೆ ಆ ಮಗು ಅತ್ತ ಕರ್ನಾಟಕಕ್ಕೂ ಇಲ್ಲ, ಇತ್ತ ಮಹಾರಾಷ್ಟ್ರಕ್ಕೂ ಇಲ್ಲ ಎಂಬಂತಾಗಿ, ಅಖಿಲ ಭಾರತ ಕೋಟಾ ಮತ್ತು ದುಬಾರಿ ಸೀಟುಗಳೇ ಗತಿಯಾಗಬಹುದು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಸಿಗುವುದೂ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಆದ್ದರಿಂದ ಹಾಸ್ಟೆಲಿಗೆ ಹಣ ಕಟ್ಟುವ ಮೊದಲು ಎರಡೂ ರಾಜ್ಯಗಳ ಆಯಾ ವರ್ಷದ ಮಾಹಿತಿ ಪುಸ್ತಿಕೆ ಓದುವುದು ಲೇಸು.

ಸಾಲದ ವಿಷಯದಲ್ಲೂ ಎಚ್ಚರ ಬೇಕು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಆಯ್ದ ಉನ್ನತ ಸಂಸ್ಥೆಗಳಲ್ಲಿ ಅರ್ಹತೆಯಿಂದ ಪ್ರವೇಶ ಪಡೆದವರಿಗೆ ಅಡಮಾನವಾಗಲೀ ಜಾಮೀನುದಾರರಾಗಲೀ ಬೇಕಿಲ್ಲ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಒಳಗಿದ್ದರೆ, ಬೇರೆ ಸರಕಾರಿ ನೆರವು ಪಡೆಯದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಮರುಪಾವತಿ ಶುರುವಾಗುವ ತನಕ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ಆದರೆ ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಇದು ದಕ್ಕದು. ಕೋಚಿಂಗ್ ಕ್ಲಾಸಿನ ಫೀಗಂತೂ ಸಂಬಂಧವೇ ಇಲ್ಲ. ಅದು ಪೂರ್ತಿ ಮನೆಯ ಉಳಿತಾಯದಿಂದಲೇ ಹೋಗುವ ಹಣ. 16 ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದು 2024ರ ಜನವರಿಯಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ. ಏಳನೆಯ ತರಗತಿಗೇ ಹೆಸರು ಬರೆಸಲು ಓಡುವ ಪಾಲಕರು ಇದನ್ನು ಗಮನಿಸಬೇಕು.

ಬೇರೆ ಸ್ಪರ್ಧೆಗಳೂ ಇವೆ

ನೀಟ್ ನೆನಪು ಮತ್ತು ವೇಗವನ್ನು ಅಳೆಯುತ್ತದೆ. ರೋಗಿಯ ಕೈ ಹಿಡಿದು ಮಾತನಾಡುವ ತಾಳ್ಮೆಯನ್ನು ಅಳೆಯುವುದಿಲ್ಲ. ಅಮೆರಿಕದಲ್ಲಿ 1976ರಲ್ಲಿ ಹುಟ್ಟಿದ 'ಹೋಸಾ' ಎಂಬ ವಿದ್ಯಾರ್ಥಿ ಸಂಘಟನೆ ಹೈಸ್ಕೂಲು ಮಕ್ಕಳಿಗೆ ಪ್ರಥಮ ಚಿಕಿತ್ಸೆ, ಶುಶ್ರೂಷೆ, ವೈದ್ಯಕೀಯ ಪದಜ್ಞಾನ ಮುಂತಾದ ಸ್ಪರ್ಧೆಗಳನ್ನು ನಡೆಸುತ್ತದೆ. ಗೆದ್ದರೂ ಸೋತರೂ, ಈ ಕೆಲಸ ತನಗೆ ಒಗ್ಗುತ್ತದೆಯೇ ಎಂಬುದು ಮಗುವಿಗೆ ಕಾಲೇಜು ಸೇರುವ ಮೊದಲೇ ತಿಳಿಯುತ್ತದೆ.

ನಮ್ಮಲ್ಲೂ ಅವಕಾಶ ಇಲ್ಲವೆಂದಲ್ಲ. ಮುಂಬಯಿಯ ವಿಜ್ಞಾನ ಶಿಕ್ಷಕರ ಸಂಘಟನೆ 1981ರಿಂದ ನಡೆಸುತ್ತ ಬಂದಿರುವ ಡಾ. ಹೋಮಿ ಭಾಭಾ ಬಾಲ ವಿಜ್ಞಾನಿ ಸ್ಪರ್ಧೆ 6 ಮತ್ತು 9ನೆಯ ತರಗತಿಯವರಿಗಾಗಿ ಇದೆ. ಲಿಖಿತ ಪರೀಕ್ಷೆಯ ಜೊತೆಗೆ ಪ್ರಯೋಗ, ಯೋಜನಾ ವರದಿ, ಸಂದರ್ಶನವೂ ಉಂಟು. ಜೀವಶಾಸ್ತ್ರ ಒಲಿಂಪಿಯಾಡ್‌ನ ತರಬೇತಿ ನೀಡುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇರುವುದು ಮಾನ್‌ಖುರ್ದ್‌ನಲ್ಲಿ. 2023ರಲ್ಲಿ ಯುಎಇಯ ಅಲ್ ಐನ್‌ನಲ್ಲಿ ನಡೆದ ಅಂತಾರಾಷ್ಟ್ರೀಯ ಒಲಿಂಪಿಯಾಡ್‌ನಲ್ಲಿ ಭಾರತದ ನಾಲ್ವರೂ ಚಿನ್ನ ತಂದರು. ಕೌಶಲಗಳ ರಾಷ್ಟ್ರೀಯ ಸ್ಪರ್ಧೆಯಾದ ಇಂಡಿಯಾ ಸ್ಕಿಲ್ಸ್‌ನಲ್ಲಿ ಆರೋಗ್ಯ ಶುಶ್ರೂಷೆಗೇ ಒಂದು ವಿಭಾಗವಿದೆ.

ಹಾಗೆಯೇ ಆರೋಗ್ಯ ಕ್ಷೇತ್ರವೆಂದರೆ ಎಂಬಿಬಿಎಸ್ ಒಂದೇ ಅಲ್ಲ. ಮಹಾರಾಷ್ಟ್ರದ ಸಿಇಟಿ ಸೆಲ್ ಬಿಎಸ್ಸಿ ನರ್ಸಿಂಗ್‌ಗೆ ಪ್ರತ್ಯೇಕ ಪರೀಕ್ಷೆ ನಡೆಸುತ್ತದೆ. ಲ್ಯಾಬ್, ಎಕ್ಸ್‌ರೇ, ಡಯಾಲಿಸಿಸ್, ಫಿಸಿಯೊಥೆರಪಿಯಂಥ ವೃತ್ತಿಗಳಿಗೆ 2021ರ ರಾಷ್ಟ್ರೀಯ ಕಾಯ್ದೆಯಿಂದ ಕಾನೂನಿನ ಮಾನ್ಯತೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ನರ್ಸ್ ಇಲ್ಲದೆ ಒಂದು ರಾತ್ರಿ ಕಳೆಯದು ಎಂದು ಗೊತ್ತಿದ್ದೂ, ಮಗಳು ನರ್ಸಿಂಗ್ ಸೇರಿದಳು ಎಂದು ಹೇಳುವಾಗ ಕೆಲವು ಮನೆಗಳಲ್ಲಿ ದನಿ ತಗ್ಗುತ್ತದೆ. ಈ ಸಂಕೋಚ ಹೋಗಬೇಕಾದರೆ ನಮ್ಮ ವೇದಿಕೆಗಳ ಶಾಲು ಆಕೆಯ ಹೆಗಲಿಗೂ ಬರಬೇಕು.

ಸಂಘಗಳ ಪಾತ್ರ

ಭಾಷಣ, ಭಾವಗೀತೆ, ರಂಗೋಲಿ ಸ್ಪರ್ಧೆಗಳನ್ನು ವರ್ಷಗಳಿಂದ ಅಚ್ಚುಕಟ್ಟಾಗಿ ನಡೆಸಿಕೊಂಡು ಬಂದ ಸಂಘಗಳಿಗೆ ಪ್ರಥಮ ಚಿಕಿತ್ಸೆಯ ಒಂದು ಸ್ಪರ್ಧೆ ಭಾರವಾಗದು. ತರಬೇತಿ ಬೊಂಬೆಯ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಸುಮಾರು 5 ಸೆಂಟಿಮೀಟರ್ ಆಳಕ್ಕೆ ಒತ್ತುವುದು, ರಕ್ತಸ್ರಾವ ತಡೆಯುವ ಪಟ್ಟಿ ಕಟ್ಟುವುದು, 108ಕ್ಕೆ ಕರೆ ಮಾಡಿ ಸ್ಥಳವನ್ನು ಸರಿಯಾಗಿ ಹೇಳುವುದು, ವೃದ್ಧರ ಔಷಧಿ ಚೀಟಿ ಓದಿ ಕನ್ನಡದಲ್ಲಿ ವಿವರಿಸುವುದು: ಇಷ್ಟಕ್ಕೆ ಒಂದು ಭಾನುವಾರದ ಮಧ್ಯಾಹ್ನ, ಒಂದು ಸಭಾಗೃಹ ಸಾಕು. ತೀರ್ಪುಗಾರರಾಗಿ ನಮ್ಮವರೇ ಆದ ವೈದ್ಯರು, ದಾದಿಯರು, ಫಾರ್ಮಾಸಿಸ್ಟರು ಬರಲಿ. ಹಿರಿಯರ ಮಾತನ್ನು ಮಗು ಅರ್ಥ ಮಾಡಿಕೊಂಡರೆ ಕನ್ನಡ ಕಲಿಕೆಗೂ ಅದೊಂದು ಕಾರಣವಾಗುತ್ತದೆ.

ಘೋಡಬಂದರ್ ರಸ್ತೆಯಲ್ಲಿ ಇದು ಬರೀ ಬಹುಮಾನದ ಮಾತಲ್ಲ. ಗಾಯಮುಖ ಘಾಟಿನಲ್ಲಿ ಒಂದು ಟ್ರಕ್ ಕೆಟ್ಟು ನಿಂತರೆ ಆಂಬುಲೆನ್ಸ್ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಹೃದಯ ನಿಂತ ಮನುಷ್ಯನಿಗೆ ಮೊದಲ ಕೆಲವು ನಿಮಿಷಗಳೇ ಮುಖ್ಯ. ಆಗ ಪಕ್ಕದಲ್ಲಿರುವವರು ನೆರೆಮನೆಯ ಹುಡುಗನೋ ಹುಡುಗಿಯೋ. ಅಪಘಾತದಲ್ಲಿ ನೆರವಾದವರಿಗೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆ ರಕ್ಷಣೆಯನ್ನೂ ಕೊಟ್ಟಿದೆ.

ನೀಟ್ ಬರೆಯುವ ಮಕ್ಕಳು ಬರೆಯಲಿ, ಗೆಲ್ಲಲಿ. 18ರಲ್ಲಿ ಉಳಿದ 17 ಮಂದಿಯೂ ನಮ್ಮ ಮಕ್ಕಳೇ. ಈ ವರ್ಷದ ಪುರಸ್ಕಾರ ಪಟ್ಟಿ ತಯಾರಿಸುವಾಗ ಸಂಘಗಳ ಕಾರ್ಯಕಾರಿ ಸಮಿತಿಗಳು ಅಂಕಪಟ್ಟಿಯ ಜೊತೆಗೆ ಅವರಿಗೂ ಒಂದು ಕಾಲಂ ಇಟ್ಟುಕೊಂಡರೆ ಸಮಾಜಕ್ಕೆ ಒಳಿತು.