ಹಳೆಯ ಕಾರಿನ ನಿಜವಾದ ವಯಸ್ಸು

ಸಂತೆಯಲ್ಲಿ ಎತ್ತು ಕೊಳ್ಳುವ ರೈತನು ಮಾರುವವನ ಮಾತನ್ನು ನಂಬಿ ಹಣ ಎಣಿಸುವುದಿಲ್ಲ. ಬಾಯಿ ತೆರೆಯಿಸಿ ಹಲ್ಲು ನೋಡುತ್ತಾನೆ. ಕಾಲೆತ್ತಿಸಿ ಗೊರಸು ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಯಿಸಿ ಕುಂಟುವುದೋ ಎಂದು ಪರೀಕ್ಷಿಸುತ್ತಾನೆ. ಸಾಧ್ಯವಾದರೆ ನೊಗ ಹೂಡಿಯೇ ನೋಡುತ್ತಾನೆ. ಇದೇ ರೈತನು, ಅಥವಾ ಅವನ ಓದಿದ ಮಗನು, ಎರಡು ಮೂರು ಲಕ್ಷ ರೂಪಾಯಿ ಕೊಟ್ಟು ಹಳೆಯ ಕಾರನ್ನು ಕೊಳ್ಳಹೊರಟಾಗ ಮಾತ್ರ ಈ ವಿವೇಕವನ್ನು ಮನೆಯಲ್ಲಿಯೇ ಬಿಟ್ಟು ಹೋಗುವುದುಂಟು. ಕಾರು ಯಾವ ವರ್ಷದ್ದು, ಎಷ್ಟು ಕಿಲೋಮೀಟರು ಓಡಿದೆ, ಬಣ್ಣ ಹೊಳೆಯುತ್ತಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತೊಡನೆ ವ್ಯಾಪಾರ ಮುಗಿದುಹೋಗುತ್ತದೆ. ಈ ಮೂರು ಸಂಗತಿಗಳೂ ಕಾರಿನ ನಿಜವಾದ ವಯಸ್ಸನ್ನು ಹೇಳಲಾರವು ಎಂಬುದೇ ನಮ್ಮ ಅಭಿಪ್ರಾಯ. ಆ ವಯಸ್ಸನ್ನು ಅಳೆದು ತಿಳಿಯಬೇಕು. ಅಳೆಯುವ ವಿದ್ಯೆ ನಿಮ್ಮ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲಿಯೇ ಇದೆ.

ಇದು ಉಳ್ಳವರ ವಿನೋದಕ್ಕೆ ಸಂಬಂಧಿಸಿದ ಪ್ರಶ್ನೆಯಲ್ಲ. ಗದಗ ಜಿಲ್ಲೆಯ ಅಡರಕಟ್ಟಿಯಂತಹ ಹಳ್ಳಿಯನ್ನೇ ತೆಗೆದುಕೊಳ್ಳಿರಿ. ಅದರ ತಾಲೂಕು ಕೇಂದ್ರವಾದ ಲಕ್ಷ್ಮೇಶ್ವರದಿಂದ ಗದಗ ಸುಮಾರು 40 ಕಿಲೋಮೀಟರು ದೂರದಲ್ಲಿದೆ. ದೊಡ್ಡ ಆಸ್ಪತ್ರೆಗಳಿರುವ ಹುಬ್ಬಳ್ಳಿ ಸುಮಾರು 55 ಕಿಲೋಮೀಟರು. ನಡುರಾತ್ರಿಯಲ್ಲಿ ಮನೆಯ ಹಿರಿಯರಿಗೆ ಎದೆನೋವು ಬಂದರೆ ಅಂಗಳದಲ್ಲಿ ನಿಂತ ಕಾರು ಚಾಲೂ ಆಗುವುದೋ ಇಲ್ಲವೋ ಎಂಬುದು ಜೀವಕ್ಕೆ ಸಂಬಂಧಿಸಿದ ಮಾತು. ಆ ಕಾರಿಗೆ ಕೊಟ್ಟ ಹಣವಾದರೋ ಮೆಣಸಿನಕಾಯಿ, ಶೇಂಗಾ, ಹತ್ತಿಗಳನ್ನು ಮಾರಿ ಕೂಡಿಟ್ಟ ಹಲವು ವರ್ಷಗಳ ದುಡಿಮೆ. ತಪ್ಪು ಕಾರನ್ನು ಆರಿಸಿದರೆ ಹಣವೂ ಹೋಯಿತು, ನಂಬಿಕೆಯೂ ಹೋಯಿತು.

ಹಳೆಯ ಕಾರಿನ ಪೇಟೆಯಲ್ಲಿ ಮೋಸಹೋಗುವುದು ಏಕೆ ಸುಲಭ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಇದನ್ನೇ ವಿವೇಚಿಸಿದರು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲದೆ ಸರಾಸರಿ ಬೆಲೆಯನ್ನೇ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕನು ಮಾರಲು ಒಪ್ಪುವುದಿಲ್ಲ. ಕ್ರಮೇಣ ಪೇಟೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ. ಈ ಬಗೆಯ ವಿವೇಚನೆಗಾಗಿ ಅಕರ್ಲಾಫ್ ಅವರು 2001ರಲ್ಲಿ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. ನಾವು ಇದರಿಂದ ಕಲಿಯಬೇಕಾದ ಪಾಠ ಒಂದೇ: ಮಾರುವವನಿಗೂ ನಮಗೂ ನಡುವೆ ಇರುವ ಅರಿವಿನ ಅಂತರವನ್ನು ಕಡಿಮೆ ಮಾಡಿಕೊಳ್ಳದೆ ಹಣ ಕೊಡಬಾರದು.

ಮೊದಲು ಕಿಲೋಮೀಟರಿನ ಅಂಕಿಯನ್ನು ಪರೀಕ್ಷಿಸೋಣ. ಲೆಕ್ಕಕ್ಕಾಗಿ ಎರಡು ಕಾರುಗಳನ್ನು ಕಲ್ಪಿಸಿಕೊಳ್ಳಿರಿ. ಮೊದಲನೆಯದು ಒಂದು ಲಕ್ಷ ಕಿಲೋಮೀಟರು ಓಡಿದೆ, ಪ್ರತಿ ಪ್ರಯಾಣ 50 ಕಿಲೋಮೀಟರು. ಎರಡನೆಯದು ಕೇವಲ 40 ಸಾವಿರ ಕಿಲೋಮೀಟರು ಓಡಿದೆ, ಆದರೆ ಪ್ರತಿ ಪ್ರಯಾಣ 4 ಕಿಲೋಮೀಟರು ಮಾತ್ರ. ಭಾಗಿಸಿ ನೋಡಿದರೆ ಮೊದಲನೆಯ ಕಾರಿನ ಎಂಜಿನ್ 2,000 ಸಲ ಚಾಲೂ ಆಗಿದೆ. ಎರಡನೆಯದರ ಎಂಜಿನ್ 10,000 ಸಲ. ಎಂಜಿನ್ ನಿಂತಿರುವಾಗ ಕೀಲೆಣ್ಣೆ ತಳಕ್ಕೆ ಇಳಿದಿರುತ್ತದೆ. ಚಾಲೂ ಮಾಡಿದ ಮೊದಲ ಕ್ಷಣಗಳಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಎಣ್ಣೆಯ ತೆಳುಪೊರೆ ಇನ್ನೂ ನೆಲೆಗೊಂಡಿರುವುದಿಲ್ಲ. ಸವೆತದ ದೊಡ್ಡ ಪಾಲು ನಡೆಯುವುದು ಈ ತಣ್ಣಗಿನ ಹೊತ್ತಿನಲ್ಲಿಯೇ. ಅಲ್ಲದೆ ನಾಲ್ಕು ಕಿಲೋಮೀಟರಿನಲ್ಲಿ ಎಂಜಿನ್ ಪೂರ್ತಿ ಕಾಯುವುದಿಲ್ಲ. ದಹನದಿಂದ ಹುಟ್ಟಿದ ನೀರಾವಿಯೂ ಸುಡದೆ ಉಳಿದ ಪೆಟ್ರೋಲೂ ಎಣ್ಣೆಯಲ್ಲಿಯೇ ಉಳಿದು ಅದನ್ನು ಕೆಡಿಸುತ್ತವೆ. ಹೀಗೆ ಕಡಿಮೆ ಓಡಿದ ಕಾರೇ ಹೆಚ್ಚು ಸವೆದಿರುವ ಸಂಭವವುಂಟು. ಅದೂ ಅಂಕಿ ನಿಜವಾಗಿದ್ದರೆ! ಹಿಂದಿನ ಯಾಂತ್ರಿಕ ಮೀಟರುಗಳನ್ನು ಕೈಯಿಂದ ಹಿಂದಕ್ಕೆ ತಿರುಗಿಸುತ್ತಿದ್ದರು; ಇಂದಿನ ವಿದ್ಯುನ್ಮಾನ ಮೀಟರುಗಳ ಅಂಕಿಯನ್ನೂ ತಿದ್ದುವ ಉಪಕರಣಗಳಿವೆ. ಎತ್ತಿನ ಮೈಮೇಲಿನ ಸುಳಿ ನೋಡಿ ಅದೃಷ್ಟ ಹೇಳುವುದಕ್ಕೂ ಮೀಟರನ್ನೊಂದನ್ನೇ ನೋಡಿ ಕಾರು ಕೊಳ್ಳುವುದಕ್ಕೂ ಹೆಚ್ಚಿನ ಅಂತರವಿಲ್ಲ.

ಪಾಲನೆಯೇ ಆಯುಷ್ಯವೆಂಬುದಕ್ಕೆ ಪ್ರಪಂಚದಲ್ಲಿ ಒಂದು ಅಪೂರ್ವ ನಿದರ್ಶನವಿದೆ. ಅಮೆರಿಕದ ವಿಜ್ಞಾನ ಶಿಕ್ಷಕ ಇರ್ವ್ ಗಾರ್ಡನ್ 1966ರಲ್ಲಿ ಒಂದು ವೋಲ್ವೋ ಕಾರನ್ನು ಕೊಂಡರು. 2013ರಲ್ಲಿ ಅದು ಮೂವತ್ತು ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರುಗಳನ್ನು ದಾಟಿತು. 2018ರಲ್ಲಿ ಅವರು ತೀರಿಕೊಳ್ಳುವವರೆಗೂ ಅದು ಅವರದೇ ಕಾರಾಗಿತ್ತು. ಅವರು ಅನುಸರಿಸಿದುದು ಯಾವ ಮಂತ್ರವನ್ನೂ ಅಲ್ಲ. ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ತಪ್ಪದೆ ಎಣ್ಣೆ ಬದಲಿಸಿದರು, ಸವೆದ ಭಾಗಗಳನ್ನು ಕಾಲಕ್ಕೆ ಸರಿಯಾಗಿ ಸರಿಪಡಿಸಿದರು. ಆದುದರಿಂದ ಹಳೆಯ ಕಾರನ್ನು ನೋಡಹೋದಾಗ ನೀವು ಮೊದಲು ಕೇಳಬೇಕಾದುದು ದುರಸ್ತಿಯ ರಸೀದಿಗಳನ್ನು. ಅವುಗಳಲ್ಲಿ ದಿನಾಂಕವೂ ಕಿಲೋಮೀಟರೂ ಇರುತ್ತವೆ. ಮೀಟರಿನ ಅಂಕಿ ಸುಳ್ಳಾಗಿದ್ದರೆ ಅಲ್ಲಿಯೇ ಬಯಲಾಗುತ್ತದೆ. ರಸೀದಿಗಳೇ ಇಲ್ಲದ ಕಾರು ಎಷ್ಟೇ ಅಗ್ಗವಾಗಿದ್ದರೂ ಅನುಮಾನಕ್ಕೆ ಎಡೆಯುಂಟು.

ಕಾರು ಎಲ್ಲಿ ಬಾಳಿತು ಎಂಬುದೂ ಅದರ ವಯಸ್ಸಿನ ಭಾಗವೇ ಆಗಿದೆ. ನೋಂದಣಿ ಫಲಕದಲ್ಲಿ ಕೆಎ ಅಕ್ಷರಗಳ ಮುಂದೆ 26 ಎಂದಿದ್ದರೆ ಗದಗ. 19 ಮಂಗಳೂರು, 20 ಉಡುಪಿ, 30 ಕಾರವಾರ. ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಗಾಳಿಯಲ್ಲಿ ಉಪ್ಪಿನ ಅಂಶ. ತುಕ್ಕು ಹಿಡಿಯುವುದು ವಿದ್ಯುದ್ರಾಸಾಯನಿಕ ಕ್ರಿಯೆ. ಉಪ್ಪು ಬೆರೆತ ನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುವುದರಿಂದ ಆ ಕ್ರಿಯೆ ತೀವ್ರವಾಗುತ್ತದೆ. ಅಂತಹ ಕಾರಿನ ಅಡಿಭಾಗವನ್ನು ಬಾಗಿ, ಬ್ಯಾಟರಿ ದೀಪ ಹಿಡಿದು ನೋಡಲೇಬೇಕು. ನಮ್ಮ ಒಣನಾಡಿನ ಕಾರಿಗೆ ತುಕ್ಕಿನ ಭಯ ಕಡಿಮೆ; ಆದರೆ ಧೂಳಿನ ಭಯ ಹೆಚ್ಚು. ಧೂಳಿನಲ್ಲಿರುವ ಮರಳಿನ ಕಣ ಕಬ್ಬಿಣಕ್ಕಿಂತ ಗಟ್ಟಿ. ಗಾಳಿಯ ಸೋಸುಕ ಹರಿದಿದ್ದರೆ ಆ ಕಣಗಳು ಸಿಲಿಂಡರನ್ನು ಹೊಕ್ಕು ಅರದಂತೆ ಉಜ್ಜುತ್ತವೆ. ಸೋಸುಕವನ್ನು ಹೊರತೆಗೆದು ನೋಡಲು ಎರಡು ನಿಮಿಷ ಸಾಕು. ಇನ್ನು ನೆರೆಯ ನೀರಿನಲ್ಲಿ ನಿಂತ ಕಾರು. 2019ರ ಆಗಸ್ಟಿನಲ್ಲಿ ಮಲಪ್ರಭೆಯ ನೆರೆ ನರಗುಂದ, ರೋಣ ಭಾಗಗಳನ್ನು ಮುಳುಗಿಸಿತು. 2022ರಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ಕಾರುಗಳು ನೀರಿನಲ್ಲಿ ನಿಂತವು. ಅಂತಹ ಕಾರು ತೊಳೆದು ಒರಸಿ ದೂರದ ಊರಿನಲ್ಲಿ ಮಾರಾಟಕ್ಕೆ ಬರುವುದು ಅಸಂಭವವೇನೂ ಅಲ್ಲ. ನೆಲಹಾಸಿನ ಅಡಿಯ ಕೆಸರು, ಆಸನದ ಬೋಲ್ಟುಗಳ ತುಕ್ಕು, ಹೋಗದ ಮುಗ್ಗಲು ವಾಸನೆ, ಇವೇ ಅದರ ಗುರುತು.

ಇನ್ನು ಪರೀಕ್ಷೆಯ ಮಾತು. ಇದಕ್ಕೆ ಬೇಕಾದ ಸಲಕರಣೆಗಳು ಒಂದು ಚಿಕ್ಕ ಆಯಸ್ಕಾಂತ, ಒಂದು ಮಲ್ಟಿಮೀಟರ್, ಒಂದು ಕೈದೀಪ. ಬಾಗಿಲು, ಮಡ್ಗಾರ್ಡುಗಳ ಮೇಲೆ ತೆಳುಬಟ್ಟೆಯಲ್ಲಿ ಸುತ್ತಿದ ಆಯಸ್ಕಾಂತವನ್ನು ಸರಿಸಿ ನೋಡಿರಿ. ಕಾರ್ಖಾನೆಯ ಬಣ್ಣದ ಪದರ ಸುಮಾರು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ತೆಳು. ಅದರ ಮೂಲಕ ಆಯಸ್ಕಾಂತ ಬಲವಾಗಿ ಹಿಡಿಯುತ್ತದೆ. ಡಿಕ್ಕಿಯಾದ ಕಡೆ ಪುಟ್ಟಿ ತುಂಬಿದ್ದರೆ ಉಕ್ಕು ದೂರವಾಗಿ ಸೆಳೆತ ಕುಂದುತ್ತದೆ. (ಪ್ಲಾಸ್ಟಿಕ್ ಬಂಪರನ್ನೂ ಅಲ್ಯೂಮಿನಿಯಂ ಭಾಗವನ್ನೂ ಆಯಸ್ಕಾಂತ ಹಿಡಿಯದು, ಗಾಬರಿಯಾಗಬಾರದು.) ಬಳಿಕ ಬ್ಯಾಟರಿ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ ಅದು 12.6 ವೋಲ್ಟಿನ ಆಸುಪಾಸಿನಲ್ಲಿರಬೇಕು; ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಏರಬೇಕು. ಏರದಿದ್ದರೆ ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರಿನಲ್ಲಿ ದೋಷವಿರಬಹುದು.

ಕಾರನ್ನು ತಣ್ಣಗಿರುವಾಗಲೇ ನೋಡಬೇಕು. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಡಿರಿ. ಅದು ಬೆಚ್ಚಗಿದ್ದರೆ, ನೀವು ಬರುವ ಮೊದಲೇ ಕಾರನ್ನು ಚಾಲೂ ಮಾಡಿದ್ದಾರೆಂದು ತಿಳಿಯಿರಿ. ಇನ್ನೊಂದು ದಿನ ಬೆಳಿಗ್ಗೆ ಬನ್ನಿರಿ. ಚಾಲೂ ಮಾಡಿದಾಗ ಬರುವ ಹೊಗೆಯ ಬಣ್ಣವೂ ಮಾತಾಡುತ್ತದೆ. ನೀಲಿ ಹೊಗೆ ಎಂದರೆ ಎಂಜಿನ್ ಎಣ್ಣೆಯನ್ನು ಸುಡುತ್ತಿದೆ. ಕಪ್ಪು ಎಂದರೆ ಇಂಧನ ಹೆಚ್ಚಾಗಿ ಸರಿಯಾಗಿ ಉರಿಯುತ್ತಿಲ್ಲ. ಎಂಜಿನ್ ಕಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ ಎಂದರೆ ತಂಪುಗೊಳಿಸುವ ನೀರು ಸಿಲಿಂಡರಿನೊಳಗೆ ಸೋರುತ್ತಿರಬಹುದು. ಚಳಿಯ ಬೆಳಗಿನಲ್ಲಿ ಸ್ವಲ್ಪ ಹೊತ್ತು ಕಾಣುವ ತೆಳುಬಿಳುಪು ಕೇವಲ ನೀರಾವಿ. ಕಾರಿನ ಒಂದು ಮೂಲೆಯನ್ನು ಕೈಯಿಂದ ಅದುಮಿ ಬಿಟ್ಟರೆ ಅದು ಒಮ್ಮೆ ಮೇಲೆದ್ದು ನೆಲೆ ನಿಲ್ಲಬೇಕು. ತೊಟ್ಟಿಲಿನಂತೆ ತೂಗುತ್ತಿದ್ದರೆ ಶಾಕ್ ಅಬ್ಸಾರ್ಬರು ಆಂದೋಲನವನ್ನು ಅಡಗಿಸುವ ಶಕ್ತಿಯನ್ನು ಕಳೆದುಕೊಂಡಿದೆ.

ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಹೆಚ್ಚು ಓಡದಿದ್ದರೂ ರಬ್ಬರು ವರ್ಷಗಳಲ್ಲಿ ಗಡುಸಾಗಿ ಬಿರಿಯುತ್ತದೆ. ಟಯರು ಒಂದೇ ಅಂಚಿನಲ್ಲಿ ಸವೆದಿದ್ದರೆ ಚಕ್ರಗಳ ಹೊಂದಾಣಿಕೆ ತಪ್ಪಿದೆ, ಅಥವಾ ಚೌಕಟ್ಟೇ ಬಾಗಿದೆ. ಬ್ರೇಕಿನ ವಿಷಯದಲ್ಲಂತೂ ಔದಾಸೀನ್ಯ ಸಲ್ಲದು. ಸಾವಿರ ಕಿಲೋಗ್ರಾಂ ತೂಕದ ಕಾರು ಸೆಕೆಂಡಿಗೆ 10 ಮೀಟರು ವೇಗದಲ್ಲಿ ಹೋಗುತ್ತಿರುವಾಗ ಅದರ ಚಲನಶಕ್ತಿ 50 ಸಾವಿರ ಜೂಲ್. ವೇಗ 20 ಮೀಟರಾದರೆ, ಅಂದರೆ ಗಂಟೆಗೆ 72 ಕಿಲೋಮೀಟರಾದರೆ, ಎರಡು ಲಕ್ಷ ಜೂಲ್. ವೇಗ ಇಮ್ಮಡಿಯಾದರೆ ಬ್ರೇಕಿನ ಹೊರೆ ನಾಲ್ಕು ಪಟ್ಟು. ಊರೊಳಗೆ ಸರಿಯಾಗಿ ಕಂಡ ಬ್ರೇಕನ್ನು ಹೆದ್ದಾರಿಗೂ ಸಾಕೆಂದು ಊಹಿಸಬಾರದು.

ಯಾವ ಕಾರು ಎಂಬ ಪ್ರಶ್ನೆಗೆ ಸಂಭವನೀಯತೆಯ ಗಣಿತ ಉತ್ತರ ಕೊಡುತ್ತದೆ. ಒಂದು ಯಂತ್ರದಲ್ಲಿ ನೂರು ಭಾಗಗಳಿದ್ದು, ಒಂದು ಕೆಟ್ಟರೂ ಯಂತ್ರ ನಿಲ್ಲುವುದೆಂದು ಭಾವಿಸಿರಿ. ಪ್ರತಿಯೊಂದು ಭಾಗವೂ ವರ್ಷವಿಡೀ ಕೆಡದೆ ಉಳಿಯುವ ಸಂಭವ ಶೇಕಡ 99 ಆದರೂ ಇಡೀ ಯಂತ್ರ ಉಳಿಯುವ ಸಂಭವ ಶೇಕಡ 37ರಷ್ಟು ಮಾತ್ರ! ಆದುದರಿಂದ ಅಲಂಕಾರ ಕಡಿಮೆಯಾದಷ್ಟೂ ಕೆಡುವ ದಾರಿಗಳು ಕಡಿಮೆ. 1983ರಿಂದ 2014ರವರೆಗೆ ತಯಾರಾದ ಮಾರುತಿ 800 ಕಾರಿನ ಕೀರ್ತಿಯ ಗುಟ್ಟು ಇದೇ: ಸರಳ ರಚನೆ, ಚಿಕ್ಕ ಊರಿನ ಮೇಸ್ತ್ರಿಯ ಕೈಗೂ ಪರಿಚಿತವಾದ ಎಂಜಿನ್, ಎಲ್ಲೆಡೆ ಸಿಗುವ ಬಿಡಿಭಾಗ. ಇಂದಿಗೂ ಲಕ್ಷ್ಮೇಶ್ವರದಲ್ಲಿ ಯಾವ ಕಾರಿನ ಬಿಡಿಭಾಗ ಅದೇ ದಿನ ದೊರೆಯುವುದೋ ಅದೇ ಅಡರಕಟ್ಟಿಗೆ ನಂಬಿಕೆಯ ಕಾರು. ಹೊಸ ನಿಯಮಗಳನ್ನೂ ಗಮನಿಸಬೇಕು. 2020ರ ಏಪ್ರಿಲಿನಿಂದ ಬಂದ ಬಿಎಸ್ 6 ಡೀಸೆಲ್ ಕಾರುಗಳ ಹೊಗೆನಳಿಗೆಯಲ್ಲಿ ಮಸಿ ಹಿಡಿಯುವ ಸೋಸುಕವುಂಟು. ಅದು ದೂರ ಓಡಿ ಚೆನ್ನಾಗಿ ಕಾದಾಗ ಮಾತ್ರ ಮಸಿಯನ್ನು ಸುಟ್ಟು ಶುಚಿಯಾಗುತ್ತದೆ. ಹೊಲಕ್ಕೂ ಸಂತೆಗೂ ಮಾತ್ರ ಓಡಾಡುವವರಿಗೆ ಅದು ತಕ್ಕುದಲ್ಲ. ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು 2025ರಲ್ಲಿ ಶೇಕಡ 20ಕ್ಕೆ ಏರಿತು. ಹಳೆಯ ಕಾರುಗಳಲ್ಲಿ ಇಂಧನ ಹರಿಯುವ ರಬ್ಬರು ಕೊಳವೆಗಳನ್ನು ಪರೀಕ್ಷಿಸಿ, ಬಿರಿದಿದ್ದರೆ ಬದಲಿಸುವುದು ಲೇಸು.

ಬಾಳಿಕೆ ಎಂಬುದು ಕಾರಿಗೆ ಮಾತ್ರವಲ್ಲ, ಒಳಗೆ ಕುಳಿತವರಿಗೂ ಬೇಕು. ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಬ್ರೇಕು 2019ರ ಏಪ್ರಿಲಿನಿಂದ, ಚಾಲಕನ ಏರ್‌ಬ್ಯಾಗು ಅದೇ ವರ್ಷದ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದವು. ಬೆಲೆಯಲ್ಲಿ ಅಲ್ಪ ವ್ಯತ್ಯಾಸವಿದ್ದರೆ ಆ ಬಳಿಕದ ಕಾರನ್ನೇ ಆರಿಸುವುದು ಉಚಿತ. ತಯಾರಾದ ವರ್ಷಕ್ಕೆ ನಾವು ಬೆಲೆ ಕೊಡುವುದು ಈ ಒಂದು ಕಾರಣಕ್ಕಾಗಿ.

ಕಾಗದಪತ್ರಗಳ ಮಾತನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಚಾಸಿಯ ಮೇಲೆ ಕೊರೆದ ಸಂಖ್ಯೆ ನೋಂದಣಿ ಪತ್ರದ ಸಂಖ್ಯೆಗೆ ಸರಿಹೊಂದಬೇಕು. ಬ್ಯಾಂಕಿನ ಸಾಲ ತೀರಿದ ದಾಖಲೆ ಇರಬೇಕು. ಸ್ವಂತ ಕಾರಿನ ನೋಂದಣಿ 15 ವರ್ಷಗಳವರೆಗೆ. ಅನಂತರ ತಪಾಸಣೆಯಾಗಿ ಐದೈದು ವರ್ಷಗಳಿಗೆ ನವೀಕರಣ. ಹೆಸರಿನ ವರ್ಗಾವಣೆಯನ್ನು ಮುಂದೂಡುವುದು ಇಬ್ಬರಿಗೂ ಅಪಾಯ. ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟಪಡಿಸಿದೆ.

“ಇಷ್ಟೆಲ್ಲ ಏಕೆ? ಮೇಸ್ತ್ರಿಗೆ ತೋರಿಸಿದರೆ ಸಾಲದೇ?” ಎಂದು ಕೆಲವರು ಕೇಳಬಹುದು. ಮೇಸ್ತ್ರಿಗೆ ಅವಶ್ಯವಾಗಿ ತೋರಿಸಬೇಕು. ಆದರೆ ಅವನು ಮಾರುವವನು ಕರೆತಂದ ಮೇಸ್ತ್ರಿಯಾಗಿರದೆ ನಾವೇ ಕೂಲಿ ಕೊಟ್ಟು ಕರೆದೊಯ್ದವನಾಗಿರಬೇಕು. ಅವನ ಕಿವಿಗೂ ಕೈಗೂ ಇರುವ ಅನುಭವ ಯಾವ ಪುಸ್ತಕದಲ್ಲಿಯೂ ಸಿಗುವುದಿಲ್ಲ. ಆದರೆ ಅವನು ಏಕೆ ಬೇಡವೆಂದನೆಂಬುದನ್ನು ಮನೆಯವರಿಗೆ ತಿಳಿಯಹೇಳುವವರು ಯಾರು? ಅಲ್ಲಿಯೇ ವಿದ್ಯಾರ್ಥಿಯ ಕೆಲಸವಿದೆ. ಘರ್ಷಣೆ, ಆಂದೋಲನ, ಚಲನಶಕ್ತಿ, ವಿದ್ಯುದ್ರಾಸಾಯನಿಕ ಕ್ರಿಯೆ, ಇವನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವರು ಮನೆಯ ಹಣಕ್ಕೆ ಕುತ್ತು ಬಂದಾಗ ಮೌನವಾಗಿದ್ದರೆ ಆ ಓದಿಗೆ ಅರ್ಥವೇನು?

ಎಲ್ಲಕ್ಕಿಂತ ಕಷ್ಟವಾದುದು ಕೊನೆಯ ಪರೀಕ್ಷೆ. ಕಾರು ಸುಂದರವಾಗಿದೆ, ತಂದೆಯವರಿಗೆ ಮೆಚ್ಚುಗೆಯಾಗಿದೆ, ಮಾರುವವನು ಸಂಜೆಯೊಳಗೆ ಮುಂಗಡ ಕೊಡಿರೆಂದು ಅವಸರಪಡಿಸುತ್ತಿದ್ದಾನೆ. ಆದರೆ ನೀಲಿ ಹೊಗೆಯನ್ನು ನೀವು ಕಣ್ಣಾರೆ ಕಂಡಿದ್ದೀರಿ. ಆಗ “ಅಪ್ಪಾ, ಇದು ಬೇಡ, ಇನ್ನೊಂದನ್ನು ನೋಡೋಣ” ಎಂದು ವಿನಯದಿಂದ, ಕಾರಣಸಹಿತವಾಗಿ ಹೇಳುವ ಧೈರ್ಯವನ್ನು ನೀವು ತಂದುಕೊಳ್ಳಬೇಕು. ಪೇಟೆಯಲ್ಲಿ ಕಾರುಗಳಿಗೆ ಬರವಿಲ್ಲ. ಮನೆಯ ದುಡಿಮೆಯನ್ನು ಎರಡನೆಯ ಸಲ ಕೂಡಿಡುವುದಕ್ಕೆ ಮಾತ್ರ ಮತ್ತೆ ಅಷ್ಟೇ ವರ್ಷಗಳು ಬೇಕು.