ಎಪ್ಪತ್ತನಾಲ್ಕು ಗಂಟೆಯ ವಾರ

ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ್ದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಪಿಜಿ ವೈದ್ಯರನ್ನು ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದು ಅದರ ಸಲಹೆಗಳಲ್ಲೊಂದು. ಒಂದು ದಿನ 24 ಗಂಟೆಯ ಡ್ಯೂಟಿ, ಐದು ದಿನ ಹತ್ತು ಹತ್ತು ಗಂಟೆ, ಒಂದು ದಿನ ರಜೆ. ಇದನ್ನು ಸುಧಾರಣೆ ಎನ್ನಬೇಕಾದರೆ ಈಗ ನಡೆಯುತ್ತಿರುವುದು ಹೇಗಿರಬೇಕು, ನೀವೇ ಊಹಿಸಿ.

ಅದೇ ಕಾರ್ಯಪಡೆಯ ಸಮೀಕ್ಷೆಗೆ 5,337 ಪಿಜಿ ವಿದ್ಯಾರ್ಥಿಗಳು ಉತ್ತರಿಸಿದ್ದರು. ಆತ್ಮಹತ್ಯೆಯ ಯೋಚನೆ ಬಂದದ್ದುಂಟು ಎಂದವರು ಸುಮಾರು ಶೇ 31. ಇಷ್ಟಾದ ಮೇಲೂ ನಮ್ಮ ಕಾಲೇಜುಗಳಿಗೆ ಹೊಳೆಯುವ ಮದ್ದು ಯಾವುದು? ಯೋಗ ಶಿಬಿರ, ಆಪ್ತ ಸಮಾಲೋಚನೆ, ‘ಒತ್ತಡ ನಿರ್ವಹಣೆ’ಯ ಉಪನ್ಯಾಸ. ಆ ಉಪನ್ಯಾಸಕ್ಕೂ ಹಾಜರಾತಿ ಕಡ್ಡಾಯ; ರಾತ್ರಿ ಡ್ಯೂಟಿ ಮುಗಿಸಿ ಬಂದವರು ಹಿಂದಿನ ಸಾಲಿನಲ್ಲಿ ತೂಕಡಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ಸ್ಥಿತಿ ಎಂದು ಗುರುತಿಸಿತು. ಅದರ ಲಕ್ಷಣ ಮೂರು: ತೀರದ ದಣಿವು, ಮಾಡುವ ಕೆಲಸದ ಮೇಲೇ ಜಿಗುಪ್ಸೆ, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವ. ಎರಡನೆಯದರ ಪೆಟ್ಟು ಬೀಳುವುದು ರೋಗಿಗೆ. ಡಾಕ್ಟರು ಮುಖ ಕೊಟ್ಟು ಮಾತಾಡಲಿಲ್ಲ ಎಂದು ನಾವು ಬೈದುಕೊಂಡು ಬರುವಾಗ, ಅವರು ನಿದ್ದೆ ಮಾಡಿ ಎಷ್ಟು ಹೊತ್ತಾಗಿತ್ತೆಂದು ಯಾರೂ ಕೇಳುವುದಿಲ್ಲ.

ನಿಯಮ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ 1992ರ ರೆಸಿಡೆನ್ಸಿ ಯೋಜನೆಯ ಪ್ರಕಾರ ಕಿರಿಯ ವೈದ್ಯರಿಗೆ ಸಾಮಾನ್ಯವಾಗಿ ವಾರಕ್ಕೆ 48 ಗಂಟೆ, ಒಂದೇ ಸಮನೆ 12 ಗಂಟೆ ಮೀರದ ಕೆಲಸ. ಜೊತೆಗೇ ಒಂದು ಕಿಂಡಿಯನ್ನೂ ಬಿಟ್ಟಿದ್ದಾರೆ: ಕೆಲಸದ ಹೊರೆ, ಲಭ್ಯವಿರುವ ವೈದ್ಯರ ಸಂಖ್ಯೆ ನೋಡಿ ಸೂಪರಿಂಟೆಂಡೆಂಟರು ಸಮಯ ಹೊಂದಿಸಿಕೊಳ್ಳಬಹುದು. ಹೊರೆ ಇಲ್ಲದ ಸರ್ಕಾರಿ ಆಸ್ಪತ್ರೆ ಎಲ್ಲಿದೆ? ಕಿಂಡಿಯೇ ಹೆಬ್ಬಾಗಿಲಾಯಿತು. ಆಯೋಗದ 2023ರ ನಿಯಮಾವಳಿಯಲ್ಲಂತೂ ಗಂಟೆಯ ಲೆಕ್ಕವೇ ಮಾಯ. ‘ಸಮಂಜಸ’ ಕೆಲಸದ ಅವಧಿ ಎಂದಷ್ಟೇ ಇದೆ. 48ರಿಂದ ಲೆಕ್ಕವೇ ಇಲ್ಲದ ಸ್ಥಿತಿಗೆ, ಅಲ್ಲಿಂದ 74ರ ಸಲಹೆಗೆ. ಬಸ್ಸು ಓಡಿಸುವವರಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಚಾಲಕ ತೂಕಡಿಸಿದರೆ ಪ್ರಯಾಣಿಕರಿಗೆ ಅಪಾಯವೆಂದು ಒಪ್ಪುವ ನಾವು ಐಸಿಯುಗೆ ಬಂದಾಗ ಸುಮ್ಮನಾಗುತ್ತೇವೆ.

ಕಾರಣ ಸರಳ. ಪಿಜಿ ಕಾಗದದ ಮೇಲೆ ವಿದ್ಯಾರ್ಥಿ, ವಾರ್ಡಿನಲ್ಲಿ ನೌಕರ. ವಿದ್ಯಾರ್ಥಿಗೆ ಓವರ್‌ಟೈಮ್ ಇಲ್ಲ, ಕೊಡುವುದು ಸ್ಟೈಪೆಂಡ್. ಅವರಿಲ್ಲದೆ ಆಸ್ಪತ್ರೆ ನಡೆಯುವುದಿಲ್ಲ ಎನ್ನುವುದಕ್ಕೆ 2021ರ ಅನುಭವ ಸಾಕು. ಜನವರಿಯ ನೀಟ್ ಪಿಜಿ ಪರೀಕ್ಷೆ ಸೆಪ್ಟೆಂಬರಿಗೆ ಹೋಯಿತು, ಕೌನ್ಸೆಲಿಂಗ್ ಮರುವರ್ಷದ ಜನವರಿಗೆ ಜಾರಿತು. ಒಂದು ಇಡೀ ಬ್ಯಾಚ್ ಬರದೆ ಹೋದಾಗ ಉಳಿದವರ ಬೆನ್ನು ಮುರಿಯಿತು. ಡಿಸೆಂಬರಿನಲ್ಲಿ ದೆಹಲಿಯ ಕಿರಿಯ ವೈದ್ಯರು ಬೀದಿಗಿಳಿದರು.

ಆ ಗಂಟೆಗಳೆಲ್ಲ ಕಲಿಕೆಗೇ ಹೋಗುತ್ತವೆಯೇ? ರಕ್ತ ತೆಗೆದು ಲ್ಯಾಬಿಗೆ ಕೊಡುವುದು, ಅಟೆಂಡರ್ ಸಿಗದಿದ್ದಾಗ ಟ್ರಾಲಿ ತಳ್ಳುವುದು, ಸ್ಕ್ಯಾನ್ ರಿಪೋರ್ಟಿಗೆ ಓಡುವುದು, ಆಯುಷ್ಮಾನ್ ಫಾರಂ ತುಂಬುವುದು, ಬೆಡ್ ಸಿಗದವರ ಸಿಟ್ಟಿಗೆ ಉತ್ತರ ಹೇಳುವುದು. ಗುಮಾಸ್ತ, ಅಟೆಂಡರ್, ಲ್ಯಾಬ್ ಸಿಬ್ಬಂದಿಯ ಹುದ್ದೆ ಖಾಲಿ ಬಿದ್ದರೆ ಆ ಖಾಲಿಯನ್ನು ತುಂಬುವವರು ಇವರೇ. ಬೇಡವೆಂದು ಸೀಟು ಬಿಡಲು ಹೊರಟರೆ ಬಾಂಡಿನ ದಂಡ ಎದುರಿಗಿರುತ್ತದೆ.

‘ನಾವೂ ಹೀಗೇ ದುಡಿದು ಕಲಿತೆವು’ ಎನ್ನುವ ಹಿರಿಯರಿದ್ದಾರೆ. ದುಡಿದದ್ದು ನಿಜ. ಆದರೆ ತಾವು ಪಟ್ಟ ಕಷ್ಟವನ್ನು ಮುಂದಿನವರಿಗೆ ದಾಟಿಸುವುದು ಪಾಠವಲ್ಲ. ಡ್ಯೂಟಿ ಬದಲಾದಷ್ಟೂ ರೋಗಿಯ ವಿವರ ಕೈತಪ್ಪುತ್ತದೆ ಎಂಬ ಅವರ ಇನ್ನೊಂದು ಮಾತಿನಲ್ಲಿ ಹುರುಳಿದೆ. ಅಮೆರಿಕ 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಹಾಕಿತು. 2011ರಲ್ಲಿ ಮೊದಲ ವರ್ಷದವರಿಗೆ ಒಂದು ಸರದಿ 16 ಗಂಟೆ ಮೀರಬಾರದೆಂದಿತು, 2017ರಲ್ಲಿ ಅದನ್ನು ಸಡಿಲಿಸಿತು. ಕೆಲಸ ಅಷ್ಟೇ ಇದ್ದು, ಕೈಗಳೂ ಅಷ್ಟೇ ಇದ್ದರೆ ಗಂಟೆ ಕತ್ತರಿಸುವುದರಿಂದ ಅವಸರ ಹೆಚ್ಚುತ್ತದೆ ಅಷ್ಟೆ. ಆದ್ದರಿಂದ ಮಿತಿಯ ಜೊತೆಗೇ ಹುದ್ದೆಯೂ ಬರಬೇಕು.

ಕೋಲ್ಕತ್ತದ ಆರ್‌ಜಿ ಕರ್ ಆಸ್ಪತ್ರೆಯಲ್ಲಿ 2024ರ ಆಗಸ್ಟ್‌ನಲ್ಲಿ ಕೊಲೆಯಾದ ತರಬೇತಿ ವೈದ್ಯೆ ದೀರ್ಘ ಡ್ಯೂಟಿಯ ನಡುವೆ ಸೆಮಿನಾರ್ ಹಾಲಿನಲ್ಲಿ ಮಲಗಿದ್ದರು. ಆ ಪ್ರಕರಣದ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 36 ಗಂಟೆಯ ಡ್ಯೂಟಿಯನ್ನು ಅಮಾನವೀಯ ಎಂದಿತು. ಆಮೇಲೆ ಸಿಸಿಟಿವಿ, ಕಾವಲುಗಾರರ ಮಾತು ಬೇಕಾದಷ್ಟು ಬಂತು. ಬೇಕೇ ಬೇಕು. ಆದರೆ ಡ್ಯೂಟಿ ಪಟ್ಟಿ ಬದಲಾಯಿತೇ?

ನಮ್ಮ ರಾಜ್ಯದಲ್ಲಿ ಈ ಬದಲಾವಣೆಯನ್ನು ಶುರು ಮಾಡಲು ದೆಹಲಿಯ ಅಪ್ಪಣೆಗೆ ಕಾಯಬೇಕಿಲ್ಲ. ಪ್ರತಿ ಸರ್ಕಾರಿ ವೈದ್ಯಕೀಯ ಕಾಲೇಜು ತನ್ನ ಪ್ರತಿ ವಿಭಾಗದ ಡ್ಯೂಟಿ ಪಟ್ಟಿಯನ್ನು, ನಿಜವಾಗಿ ದುಡಿದ ಗಂಟೆಗಳ ಸಮೇತ, ತಿಂಗಳಿಗೊಮ್ಮೆ ಪ್ರಕಟಿಸಲಿ. ಎಷ್ಟು ಹಾಸಿಗೆಗೆ ಎಷ್ಟು ವೈದ್ಯರು, ಎಷ್ಟು ನರ್ಸ್, ಎಷ್ಟು ಗುಮಾಸ್ತರು ಎಂಬುದೂ ಪಕ್ಕದಲ್ಲೇ ಇರಲಿ. ಹೊಸ ವೈದ್ಯಕೀಯ ಕಾಲೇಜು ಕೇಳಿ ಸದನದಲ್ಲಿ ಗದ್ದಲ ಎಬ್ಬಿಸುವ ಶಾಸಕರು, ಇರುವ ಕಾಲೇಜಿನ ಈ ಪಟ್ಟಿಯನ್ನೂ ಒಮ್ಮೆ ಕೇಳಲಿ. ಉತ್ತರ ಕೊಡಬೇಕಾದವರು ದಣಿದ ವೈದ್ಯರಲ್ಲ, ಹುದ್ದೆ ಮಂಜೂರು ಮಾಡದ ಸರ್ಕಾರ.